ಪಾಲಿಮರ್ ಅಯಾನಿನ ತೂಕದ ಜೊತೆ ಆಕಾರವನ್ನೂ ಅಳೆಯುವುದು ಹೇಗೆ: ಅಯಾನ್ ಮೊಬಿಲಿಟಿ ಮಾಡುವವರಿಗೆ

ಮಾಸ್ ಸ್ಪೆಕ್ಟ್ರಂ, ಅಂದರೆ ಅಯಾನ್‌ಗಳನ್ನು ಮಾಸ್-ಚಾರ್ಜ್ ಅನುಪಾತದ (ತೂಕವನ್ನು ಚಾರ್ಜಿನಿಂದ ಭಾಗಿಸಿದ್ದರ) ಪ್ರಕಾರ ಪೀಕ್‌ಗಳಾಗಿ ತೋರಿಸುವ ಚಿತ್ರ, ಕೈಯಲ್ಲಿದ್ದರೆ ಪಾಲಿಮರ್ ಸರಪಳಿಯಲ್ಲಿ ಎಷ್ಟು ಕೊಂಡಿಗಳಿವೆ, ತುದಿಯಲ್ಲಿ ಯಾವ ಗುಂಪು ಕೂತಿದೆ ಎಂದು ಲೆಕ್ಕ ಹಾಕಬಹುದು. ಆದರೆ ಅದೇ ಸರಪಳಿ ಉಂಡೆ ಕಟ್ಟಿಕೊಂಡಿದೆಯೋ, ಉದ್ದಕ್ಕೆ ಚಾಚಿಕೊಂಡಿದೆಯೋ ಅನ್ನುವುದು ತೂಕದಿಂದ ಗೊತ್ತಾಗುವುದಿಲ್ಲ. ನೇರ ಸರಪಳಿಯಲ್ಲೂ ನಾಲ್ಕು ಕವಲಿನ ಸರಪಳಿಯಲ್ಲೂ ಪರಮಾಣುಗಳು ಅಷ್ಟಷ್ಟೇ ಇದ್ದರೆ ಎರಡರ ಪೀಕೂ ಒಂದೇ ಜಾಗದಲ್ಲಿ ಬೀಳುತ್ತದೆ. ಅಲ್ಲಿ ಅಯಾನ್ ಮೊಬಿಲಿಟಿ ಬೇಕು.

ಕೆಲಸ ನಡೆಯುವ ರೀತಿ ಸರಳ. ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಕ್ಷೇತ್ರ ಅಯಾನನ್ನು ಮುಂದಕ್ಕೆ ತಳ್ಳುತ್ತದೆ, ಅನಿಲದ ಕಣಗಳು ಡಿಕ್ಕಿ ಹೊಡೆದು ತಡೆಯುತ್ತವೆ. ಹರಡಿಕೊಂಡ ಅಯಾನಿಗೆ ಡಿಕ್ಕಿ ಜಾಸ್ತಿ, ಅದು ತಡವಾಗಿ ಬರುತ್ತದೆ. ಮುದುಡಿಕೊಂಡದ್ದು ಬೇಗ ಬರುತ್ತದೆ. ಚಾರ್ಜ್ ಜಾಸ್ತಿ ಇದ್ದರೆ ತಳ್ಳುವ ಬಲವೂ ಜಾಸ್ತಿ. ಬಂದ ಸಮಯದಿಂದ ಡಿಕ್ಕಿಯ ಅಡ್ಡವಿಸ್ತೀರ್ಣವನ್ನು ಲೆಕ್ಕ ಹಾಕುತ್ತೇವೆ. ಲ್ಯಾಬಿನಲ್ಲಿ ಎಲ್ಲರೂ ಇದನ್ನು ಸಿಸಿಎಸ್ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಕರೆಯೋಣ.

ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ಮೈಸೂರು-ಮಂಡ್ಯದ ಕಾಲೇಜುಗಳಲ್ಲಿ ಪಾಲಿಮರ್ ತಯಾರಿಸಿ ಅದರ ಮುಂದಿನ ಪರೀಕ್ಷೆಗೆ ದಾರಿ ಹುಡುಕುತ್ತಿರುವವರು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲಿಗೇ ಒಂದು ಮಾತು. ಪಾಲಿಮರ್ ವಿಷಯದಲ್ಲಿ ಒಂದೇ ಅಯಾನಿನ ಒಂದೇ ಸಿಸಿಎಸ್ ಸಂಖ್ಯೆ ಇಟ್ಟುಕೊಂಡು ಏನೂ ಹೇಳಲು ಹೋಗಬೇಡಿ. ಪಾಲಿಮರ್ ನಮಗೆ ಒಂದು ಇಡೀ ಸಾಲನ್ನೇ ಕೊಡುತ್ತದೆ: ಹದಿನೈದು ಕೊಂಡಿ, ಹದಿನಾರು, ಹದಿನೇಳು, ಹೀಗೆ ಅರವತ್ತರವರೆಗೆ. ಕೊಂಡಿ ಒಂದೊಂದೇ ಹೆಚ್ಚಿದಾಗ ಆಕಾರ ಹೇಗೆ ಬದಲಾಗುತ್ತದೆ ಅನ್ನುವುದರಲ್ಲೇ ನಿಜವಾದ ಮಾಹಿತಿ ಇದೆ. ಪ್ರೋಟೀನ್ ಮಾಡುವವರಿಗೆ ಈ ಸೌಲಭ್ಯ ಇಲ್ಲ.

ಪಿಇಜಿಯಿಂದ ಶುರು ಮಾಡಿ

ನಿಮ್ಮ ಸ್ವಂತ ಪಾಲಿಮರ್ ಮೇಲೆ ಎಷ್ಟೇ ಪ್ರೀತಿ ಇರಲಿ, ಮೊದಲು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪಿಇಜಿ ಹಾಕಿ. ಅಗ್ಗ, ನೀರಿನಲ್ಲೂ ಮೆಥನಾಲ್‌ನಲ್ಲೂ ಕರಗುತ್ತದೆ, ಸೋಡಿಯಂ ಅನ್ನು ಕೂಡಲೇ ಹಿಡಿದುಕೊಳ್ಳುತ್ತದೆ, ಎಲೆಕ್ಟ್ರೋಸ್ಪ್ರೇಯಲ್ಲಿ (ದ್ರಾವಣವನ್ನು ಹೆಚ್ಚು ವೋಲ್ಟೇಜಿನಲ್ಲಿ ಸಣ್ಣ ಹನಿಗಳಾಗಿ ಚಿಮ್ಮಿಸಿ ಅಯಾನ್ ಮಾಡುವ ವಿಧಾನ) ಸಲೀಸಾಗಿ ಹಾರುತ್ತದೆ. ಈ ವಿಧಾನದ ಚರಿತ್ರೆಯಲ್ಲೂ ಪಾಲಿಮರ್‌ಗಳೇ ಮೊದಲಿಂದ ಇವೆ. 1968ರಲ್ಲಿ ಮಾಲ್ಕಂ ಡೋಲ್ ಎಲೆಕ್ಟ್ರೋಸ್ಪ್ರೇಯಿಂದ ದೊಡ್ಡ ಅಣುಗಳನ್ನು ಹಾರಿಸಲು ನೋಡಿದಾಗ ಬಳಸಿದ್ದು ಪಾಲಿಸ್ಟೈರೀನ್. 1988ರಲ್ಲಿ ಜಾನ್ ಫೆನ್ ಅವರ ತಂಡ ಒಂದೇ ಅಣುವಿನ ಮೇಲೆ ಹಲವು ಚಾರ್ಜ್ ಕೂರುವುದನ್ನು ಪಿಇಜಿಯಲ್ಲಿ ತೋರಿಸಿತು. ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಂತು. 1995ರಲ್ಲಿ ಮೈಕೆಲ್ ಬೋವರ್ಸ್ ಅವರ ತಂಡ ಸೋಡಿಯಂ ಹಿಡಿದ ಪಿಇಜಿಯ ಆಕಾರವನ್ನು ಮೊಬಿಲಿಟಿಯಿಂದ ಅಳೆದಿತ್ತು. ಅಂದರೆ ನೀವು ಅಳೆದದ್ದು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ಬೇಕಾದಷ್ಟು ದಾಖಲೆ ಇದೆ.

ಕೆಮಿಕಲ್ ಅಂಗಡಿಯಲ್ಲಿ ಪಿಇಜಿ 1000, 1500, 2000 (ಈ ಸಂಖ್ಯೆ ಸರಪಳಿಗಳ ಸರಾಸರಿ ತೂಕ) ಮೂರೂ ಸಣ್ಣ ಬಾಟಲಿಗಳಲ್ಲಿ ಸಿಗುತ್ತವೆ. ಮೂರನ್ನೂ ತನ್ನಿ. ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಪಿಇಜಿ ಪುಡಿ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅಂಥ ಹಲವು ಪುಡಿಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನು ಮೊದಲೇ ಬೆರೆಸಿರುತ್ತಾರೆ. ಆಮೇಲೆ ಯಾವ ಅಯಾನ್ ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಮೈಸೂರಿನಲ್ಲೇ ಮುಗಿಸಬಹುದಾದ ಕೆಲಸ

ಅಯಾನ್ ಮೊಬಿಲಿಟಿ ಇರುವ ಯಂತ್ರದಲ್ಲಿ ಸ್ಲಾಟ್ ಸಿಗುವುದು ಕಷ್ಟ. ಸಿಕ್ಕ ದಿನ ಪೀಕ್ ಯಾವುದು ಎಂದು ತಲೆ ಕೆರೆದುಕೊಂಡು ಕೂತರೆ ದುಡ್ಡೂ ಹೋಯಿತು, ದಿನವೂ ಹೋಯಿತು. ಹಾಗಾಗಿ ಎಲೆಕ್ಟ್ರೋಸ್ಪ್ರೇ ಇರುವ ಮಾಮೂಲಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಮೊದಲು ಎಲ್ಲ ಪೀಕ್‌ಗಳನ್ನೂ ಗುರುತಿಸಿ ಮುಗಿಸಿಬಿಡಿ. ವಿಶ್ವವಿದ್ಯಾಲಯದ ವಿಜ್ಞಾನ ಭವನದಲ್ಲೋ ನಿಮ್ಮ ಗೈಡ್‌ಗೆ ಪರಿಚಯ ಇರುವ ಲ್ಯಾಬಿನಲ್ಲೋ ವಿಚಾರಿಸಿ. ಮೊಬಿಲಿಟಿ ಯಂತ್ರಕ್ಕೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ. ದೇಶದ ಸಂಸ್ಥೆಗಳಲ್ಲಿ ಹೊರಗಿನವರು ಬಳಸಬಹುದಾದ ಉಪಕರಣಗಳ ಪಟ್ಟಿ ಅಲ್ಲಿರುತ್ತದೆ. ಸ್ಲಾಟ್ ಕೇಳುವಾಗ "ಮಾಸ್ ಸ್ಪೆಕ್ ಬೇಕು" ಅಂತ ಸುಮ್ನೆ ಬರೆಯಬೇಡಿ. ಮೊಬಿಲಿಟಿ ಯಂತ್ರಗಳಲ್ಲಿ ಹಲವು ಬಗೆ ಇವೆ; ಅಲ್ಲಿರುವುದು ಡ್ರಿಫ್ಟ್ ಟ್ಯೂಬೋ, ಟ್ರಾವೆಲಿಂಗ್ ವೇವೋ, ಟಿಮ್ಸೋ ಎಂದು ಕೇಳಿ ತಿಳಿದುಕೊಳ್ಳಿ. ಲೆಕ್ಕ ಹಾಕುವ ರೀತಿ ಒಂದೊಂದಕ್ಕೂ ಬೇರೆ.

ಸ್ಯಾಂಪಲ್ ಹೀಗೆ. 10 ಮಿಲಿಗ್ರಾಂ ಪಿಇಜಿ 1000 ಅನ್ನು 10 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿದರೆ ಸುಮಾರು 1 ಮಿಲಿಮೋಲಾರ್ ಸ್ಟಾಕ್ ಆಯಿತು. ಬೇರೆ ಎರಡಕ್ಕೂ ಇದೇ ತೂಕ ಸಾಕು. 58.4 ಮಿಲಿಗ್ರಾಂ ಸೋಡಿಯಂ ಕ್ಲೋರೈಡನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದು 10 ಮಿಲಿಮೋಲಾರ್. ಈಗ ಅರ್ಧ ಮೆಥನಾಲ್ ಅರ್ಧ ನೀರಿನ 1 ಮಿಲಿಲೀಟರ್‌ಗೆ ಪಿಇಜಿ ಸ್ಟಾಕ್ 10 ಮೈಕ್ರೋಲೀಟರ್, ಉಪ್ಪಿನ ಸ್ಟಾಕ್ 10 ಮೈಕ್ರೋಲೀಟರ್ ಹಾಕಿ. ಪಿಇಜಿ ಸುಮಾರು 10 ಮೈಕ್ರೋಮೋಲಾರ್, ಸೋಡಿಯಂ 100 ಮೈಕ್ರೋಮೋಲಾರ್ ಆಗುತ್ತದೆ. ಸಿಗ್ನಲ್ ಕಡಿಮೆ ಅನ್ನಿಸಿದರೆ ಉಪ್ಪು ಸುರಿಯುವುದು ಎಲ್ಲರಿಗೂ ಬರುವ ಯೋಚನೆ. ಒಂದು ಮಿಲಿಮೋಲಾರ್ ಹತ್ತಿರ ಹೋದರೆ ಉಪ್ಪಿನದೇ ಗುಂಪುಗಳು 57.96 ಅಂತರದಲ್ಲಿ ಸ್ಪೆಕ್ಟ್ರಂ ತುಂಬಿಕೊಳ್ಳುತ್ತವೆ, ಪಾಲಿಮರ್ ಪೀಕ್ ಕುಗ್ಗುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬಹಳಷ್ಟು ಕಡೆ ಬೋರ್‌ವೆಲ್ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ಆ ನೀರಿನಲ್ಲಿ ವಯಲ್ ತೊಳೆದು ಒಣಗಿಸಿದರೆ ಕ್ಯಾಲ್ಸಿಯಂ ಗಾಜಿನ ಮೇಲೆ ಉಳಿದುಬಿಡುತ್ತದೆ, ಪಿಇಜಿ ಅದನ್ನೂ ಪ್ರೀತಿಯಿಂದಲೇ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಒಂದೇ ಇದ್ದರೂ ಚಾರ್ಜ್ ಎರಡು. ಇಪ್ಪತ್ತು ಕೊಂಡಿಯ ಪಿಇಜಿ ಎರಡು ಸೋಡಿಯಂ ಹಿಡಿದರೆ 472.26ರಲ್ಲಿ ಕಾಣುತ್ತದೆ, ಒಂದು ಕ್ಯಾಲ್ಸಿಯಂ ಹಿಡಿದರೆ 469.25ರಲ್ಲಿ. ಎರಡು ಸಾಲಿನಲ್ಲೂ ಪೀಕಿನಿಂದ ಪೀಕಿಗೆ ಅಂತರ 22.013, ಐಸೋಟೋಪ್‌ ಪೀಕ್‌ಗಳ (ಭಾರದ ಇಂಗಾಲ-13 ಸೇರಿದ್ದರಿಂದ ಪಕ್ಕದಲ್ಲೇ ಬರುವ ಪೀಕ್‌ಗಳು) ನಡುವೆ ಅರ್ಧ. ನೋಡಿದ ಕೂಡಲೇ ಎರಡೂ ಒಂದೇ ಜಾತಿ ಅನ್ನಿಸುತ್ತದೆ. ಆದರೆ ಆಕಾರದಲ್ಲಿ ಇವು ಬೇರೆ ಬೇರೆ: ಕ್ಯಾಲ್ಸಿಯಂನಲ್ಲಿ ಎರಡು ಚಾರ್ಜೂ ಒಂದೇ ಬಿಂದುವಿನಲ್ಲಿವೆ, ಸರಪಳಿ ಅದನ್ನು ಸುತ್ತಿಕೊಂಡರೆ ಆಯಿತು. ಎರಡು ಸೋಡಿಯಂ ಇದ್ದರೆ ಒಂದನ್ನೊಂದು ದೂರ ತಳ್ಳುತ್ತವೆ. ಗುರುತಿಸುವುದರಲ್ಲಿ ಎಡವಿದರೆ ಇಲ್ಲದ ಆಕಾರದ ಬಗ್ಗೆ ಇಡೀ ಅಧ್ಯಾಯ ಬರೆದುಬಿಡುವ ಅಪಾಯ ಇದೆ. ಹಾಗಾಗಿ ವಯಲ್‌ಗಳನ್ನು ಕೊನೆಗೆ ಎಲ್‌ಸಿ-ಎಂಎಸ್ ದರ್ಜೆಯ (ಮಾಸ್ ಸ್ಪೆಕ್‌ಗೆಂದೇ ಮಾರುವ ಅತಿ ಶುದ್ಧ) ನೀರಿನಲ್ಲಿ, ಆಮೇಲೆ ಮೆಥನಾಲ್‌ನಲ್ಲಿ ಜಾಲಿಸಿ.

ಸ್ಯಾಂಪಲ್ ಬೆಂಗಳೂರಿಗೋ ಬೇರೆ ಊರಿಗೋ ಒಯ್ಯಬೇಕಾದರೆ ಮೆಥನಾಲ್ ದ್ರಾವಣವನ್ನು ಬ್ಯಾಗಿನಲ್ಲಿಟ್ಟುಕೊಂಡು ರೈಲು ಹತ್ತಬೇಡಿ. ಬೆಂಕಿ ಹತ್ತುವ ದ್ರವ ಒಯ್ಯುವುದಕ್ಕೆ ಅನುಮತಿಯೂ ಇಲ್ಲ, ಏಪ್ರಿಲ್ ಬಿಸಿಲಿಗೆ ಆವಿಯಾಗಿ ಸಾಂದ್ರತೆಯೂ ಕೆಡುತ್ತದೆ. ಪಾಲಿಮರನ್ನು ಒಣದಾಗಿ ತೂಗಿ ಸಣ್ಣ ಗಾಜಿನ ವಯಲ್‌ಗಳಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಕರಗಿಸಿ.

ಪೀಕ್ ಗುರುತಿಸುವುದು

ಪಿಇಜಿಯ ಒಂದು ಕೊಂಡಿಯ ತೂಕ 44.026. ತುದಿಗಳಲ್ಲಿ ಒಂದು ಹೈಡ್ರೋಜನ್, ಒಂದು ಹೈಡ್ರಾಕ್ಸಿಲ್ ಸೇರಿ 18.011. ಸೋಡಿಯಂ ಅಯಾನ್ 22.989. ಒಂದು ಚಾರ್ಜ್ ಇದ್ದರೆ ಸಾಲಿನ ಅಂತರ 44.026, ಎರಡಿದ್ದರೆ 22.013, ಮೂರಿದ್ದರೆ 14.675. ಚಾರ್ಜ್ ಎಷ್ಟು ಎಂದು ಖಚಿತವಾಗಿ ಹೇಳುವುದು ಐಸೋಟೋಪ್ ಅಂತರ: 1.003, 0.502, 0.334.

ಒಂದು ಲೆಕ್ಕ ಮಾಡಿ ನೋಡೋಣ. 912.52ರಲ್ಲಿ ಒಂದು ಪೀಕ್, ಐಸೋಟೋಪ್‌ಗಳು ಅರ್ಧ ಅಂತರದಲ್ಲಿ. ಚಾರ್ಜ್ ಎರಡು. ಎರಡರಿಂದ ಗುಣಿಸಿದರೆ 1825.04. ಎರಡು ಸೋಡಿಯಂ ಕಳೆದರೆ 1779.06. ತುದಿ ಕಳೆದರೆ 1761.05. ಅದನ್ನು 44.026ರಿಂದ ಭಾಗಿಸಿದರೆ ಸರಿಯಾಗಿ 40. ಇದೇ ಪೀಕನ್ನು ಪೊಟ್ಯಾಸಿಯಂ ಎಂದುಕೊಂಡು ಲೆಕ್ಕ ಹಾಕಿದರೆ 39.27 ಬರುತ್ತದೆ, ಪೂರ್ಣ ಸಂಖ್ಯೆ ಅಲ್ಲ, ಹಾಗಾಗಿ ಅದು ಅಲ್ಲ. ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿಟ್ಟುಕೊಳ್ಳಿ: ಕೊಂಡಿಗಳು 5ರಿಂದ 70, ಚಾರ್ಜ್ 1ರಿಂದ 4, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ಕ್ಯಾಲ್ಸಿಯಂ. ಯಂತ್ರದ ಮುಂದೆ ಕೂತಾಗ ಇದು ಬಹಳ ಕೈ ಹಿಡಿಯುತ್ತದೆ. ಒಂದು ಎಚ್ಚರಿಕೆ, ಸುಮಾರು 45 ಕೊಂಡಿ ದಾಟಿದ ಮೇಲೆ ಮೊದಲ ಐಸೋಟೋಪ್‌ಗಿಂತ ಎರಡನೆಯದು ಎತ್ತರವಾಗುತ್ತದೆ. ಎತ್ತರದ ಪೀಕನ್ನೇ ಮೊದಲನೆಯದು ಎಂದುಕೊಳ್ಳಬೇಡಿ.

ಇನ್ನೊಂದು ಕಡೆಯೂ ಮೋಸ ಹೋಗುವ ಸಾಧ್ಯತೆ ಇದೆ. ಇಪ್ಪತ್ತು ಕೊಂಡಿಯ ಒಂದು ಸರಪಳಿ ಒಂದು ಸೋಡಿಯಂ ಜೊತೆ 921.524ರಲ್ಲಿ ಕಾಣುತ್ತದೆ. ಅಂಥ ಎರಡು ಸರಪಳಿಗಳು ಅಂಟಿಕೊಂಡು ಎರಡು ಸೋಡಿಯಂ ಹಿಡಿದರೂ 921.524ರಲ್ಲೇ ಕಾಣುತ್ತವೆ. ಮೊಬಿಲಿಟಿಯಲ್ಲಿ ಇವು ಬೇರೆಬೇರೆ ಸಮಯಕ್ಕೆ ಬರುವುದರಿಂದ, ಓಹೋ ಒಂದೇ ಅಯಾನಿಗೆ ಎರಡು ಆಕಾರ ಸಿಕ್ಕಿತು ಎಂದು ಕುಣಿದಾಡುವಂತಾಗುತ್ತದೆ. ಆ ಎರಡನೇ ಗುಂಪಿನ ಸ್ಪೆಕ್ಟ್ರಂ ತೆಗೆದು ಐಸೋಟೋಪ್ ಅಂತರ ನೋಡಿ. ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಜೋಡಿಯಾಗಿದ್ದರೆ ಮಾಯವಾಗುತ್ತದೆ.

ಯಂತ್ರದ ಮುಂದೆ

ಸಿರಿಂಜ್ ಪಂಪ್ ನಿಮಿಷಕ್ಕೆ 3ರಿಂದ 5 ಮೈಕ್ರೋಲೀಟರ್, ಸ್ಪ್ರೇ ವೋಲ್ಟೇಜ್ 2.5ರಿಂದ 3 ಕಿಲೋವೋಲ್ಟ್ ಇಟ್ಟು ಶುರು ಮಾಡಿ. ಸ್ಪ್ರೇ ಅಲುಗಾಡದೆ ನಿಂತ ಮೇಲೆ ಬೇರೆ ಮಾತು.

ಇಲ್ಲಿಂದ ಮುಂದೆ ನಿಮ್ಮ ಇಡೀ ಕಾಳಜಿ ಒಂದೇ ಇರಬೇಕು: ಅಯಾನನ್ನು ಕಾಯಿಸಬಾರದು. ಸಿಗ್ನಲ್ ಹೆಚ್ಚಿಸಲು ಆಪರೇಟರ್‌ಗಳು ಅಭ್ಯಾಸಬಲದಿಂದ ಕೋನ್ ವೋಲ್ಟೇಜ್ (ಸ್ಪ್ರೇಯಿಂದ ಅಯಾನನ್ನು ಯಂತ್ರದ ಒಳಗೆ ಎಳೆಯುವ ವೋಲ್ಟೇಜ್) ಏರಿಸುತ್ತಾರೆ. ತೂಕ ಮಾತ್ರ ನೋಡುವವರಿಗೆ ಅದರಿಂದ ತೊಂದರೆ ಇಲ್ಲ. ನಮಗೆ ತೊಂದರೆ ಇದೆ, ಯಾಕೆಂದರೆ ಜೋರಾಗಿ ಎಳೆದಾಗ ಅಯಾನ್ ಅನಿಲಕ್ಕೆ ಗುದ್ದಿ ಒಳಗೊಳಗೇ ಬಿಸಿಯಾಗುತ್ತದೆ, ಬಿಸಿಯಾದ ಸರಪಳಿ ಮಡಿಕೆ ಬದಲಿಸುತ್ತದೆ, ಒಮ್ಮೊಮ್ಮೆ ಹಿಡಿದಿದ್ದ ಸೋಡಿಯಂ ಒಂದನ್ನು ಬಿಟ್ಟೇಬಿಡುತ್ತದೆ. ಕೋನ್ ಮಾತ್ರ ಅಲ್ಲ, ಮೊಬಿಲಿಟಿ ಕೊಳವೆಗೆ ಅಯಾನ್ ನುಗ್ಗುವ ಬಾಗಿಲಿನಲ್ಲಿರುವ ವೋಲ್ಟೇಜೂ ಇದನ್ನೇ ಮಾಡುತ್ತದೆ. ಅದನ್ನು ತುಂಬಾ ಜನ ಮುಟ್ಟಿಯೂ ನೋಡುವುದಿಲ್ಲ.

ಪರೀಕ್ಷೆ ಸುಲಭ. ಎರಡು ಚಾರ್ಜಿನ ಒಂದು ಅಯಾನ್ ಆರಿಸಿಕೊಳ್ಳಿ. ಕೋನ್ ಅನ್ನು ಸಿಗ್ನಲ್ ಕೈಗೆ ಸಿಗುವಷ್ಟು ಕೆಳಗಿಟ್ಟು, ಹತ್ತು ಹತ್ತು ವೋಲ್ಟ್ ಏರಿಸುತ್ತಾ ಪ್ರತಿ ಸಲ ಬರುವ ಸಮಯದ ಪೀಕನ್ನು ಒಂದರ ಮೇಲೊಂದು ಇಟ್ಟು ನೋಡಿ. ಜಾಗ, ಅಗಲ, ಹೆಗಲು ಯಾವುದೂ ಬದಲಾಗದ ಒಂದು ವ್ಯಾಪ್ತಿ ಇರುತ್ತದೆ. ಅದರ ಮಧ್ಯದಲ್ಲಿ ನಿಂತು ಅಳೆಯಿರಿ. ಬಾಗಿಲಿನ ವೋಲ್ಟೇಜಿಗೂ ಹೀಗೇ ಮಾಡಿ. ಇಷ್ಟಕ್ಕೆ ಅರ್ಧ ಗಂಟೆ ಬೇಕಾಗಬಹುದು, ಸ್ಲಾಟಿನ ಸಮಯ ಓಡುತ್ತಿರುತ್ತದೆ, ಆದರೂ ಇದನ್ನು ಬಿಡಬೇಡಿ. ಇದಿಲ್ಲದೆ ಮುಂದಿನ ಯಾವ ಸಂಖ್ಯೆಯನ್ನೂ ನಾನು ನಂಬುವುದಿಲ್ಲ.

ಪರದೆಯ ಮೇಲೆ ಅಡ್ಡಕ್ಕೆ ಮಾಸ್-ಚಾರ್ಜ್ ಅನುಪಾತ, ಉದ್ದಕ್ಕೆ ಬರುವ ಸಮಯ ಇಟ್ಟು ಎರಡು ಆಯಾಮದ ಚಿತ್ರ ತೆರೆಯಿರಿ. ಓರೆ ಪಟ್ಟಿಗಳು ಕಾಣುತ್ತವೆ. ಒಂದು ಚಾರ್ಜಿನವು ಮೇಲಿನ ಪಟ್ಟಿ, ಎರಡರವು ಅದರ ಕೆಳಗೆ, ಮೂರರವು ಇನ್ನೂ ಕೆಳಗೆ. ಮಾಮೂಲಿ ಸ್ಪೆಕ್ಟ್ರಂನಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದ ಸಾಲುಗಳು ಇಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ, ನೋಡಲು ನಿಜಕ್ಕೂ ಚೆಂದ. ಒಂದು ಚಾರ್ಜಿನ ಪೀಕ್ ತನ್ನ ಪಟ್ಟಿ ಬಿಟ್ಟು ಎರಡು ಚಾರ್ಜಿನವರ ಸಮಯಕ್ಕೆ ಬಂದಿದ್ದರೆ ಅದರ ಕಥೆ ಬೇರೆ: ಎರಡು ಸೋಡಿಯಂ ಇಟ್ಟುಕೊಂಡೇ ಮೊಬಿಲಿಟಿ ದಾಟಿ, ಆಮೇಲೆ ಒಂದನ್ನು ಕಳೆದುಕೊಂಡಿದೆ. ಅಂಥದ್ದು ಕಂಡರೆ ಮೊಬಿಲಿಟಿಯ ಆಚೆಗಿನ ವೋಲ್ಟೇಜನ್ನೂ ಇಳಿಸಿ.

ಸಮಯದಿಂದ ಸಿಸಿಎಸ್‌ಗೆ

ಡ್ರಿಫ್ಟ್ ಟ್ಯೂಬ್ ಸಿಕ್ಕರೆ ಅದೃಷ್ಟ, ನೇರವಾಗಿ ಲೆಕ್ಕ ಹಾಕಬಹುದು. ಕೊಳವೆಯ ವೋಲ್ಟೇಜನ್ನು ಐದಾರು ಹಂತಗಳಲ್ಲಿ ಬದಲಿಸಿ, ಪ್ರತಿ ಸಲ ಅಯಾನ್ ಬಂದ ಸಮಯ ಬರೆದುಕೊಳ್ಳಿ. 1 ಅನ್ನು ವೋಲ್ಟೇಜಿನಿಂದ ಭಾಗಿಸಿದ್ದು ಅಡ್ಡಕ್ಕೆ, ಸಮಯ ಉದ್ದಕ್ಕೆ ಹಾಕಿದರೆ ನೇರ ಗೆರೆ ಬರಬೇಕು. ಗೆರೆ ಬಾಗಿದ್ದರೆ ಕ್ಷೇತ್ರ ಜಾಸ್ತಿಯಾಗಿದೆ ಅಥವಾ ಅಯಾನ್ ದಾರಿಯಲ್ಲಿ ಆಕಾರ ಬದಲಿಸುತ್ತಿದೆ. ಗೆರೆಯ ಇಳಿಜಾರು ಅಂದರೆ ಕೊಳವೆಯ ಉದ್ದದ ವರ್ಗವನ್ನು ಮೊಬಿಲಿಟಿಯಿಂದ ಭಾಗಿಸಿದ್ದು, ಹಾಗಾಗಿ ಮೊಬಿಲಿಟಿ ಸಿಕ್ಕಿತು. ಗೆರೆ ಲಂಬ ಅಕ್ಷವನ್ನು ಮುಟ್ಟುವ ಜಾಗ, ಕೊಳವೆಯ ಹೊರಗೆ ಕಳೆದ ಸಮಯ. ಮೊಬಿಲಿಟಿಯನ್ನು ಟಾರ್ ಲೆಕ್ಕದ ಒತ್ತಡದಿಂದ ಗುಣಿಸಿ 760ರಿಂದ ಭಾಗಿಸಿ, 273.15ರಿಂದ ಗುಣಿಸಿ ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿದರೆ ರೆಡ್ಯೂಸ್ಡ್ ಮೊಬಿಲಿಟಿ.

ಅಲ್ಲಿಂದ ಸಿಸಿಎಸ್‌ಗೆ ಮೇಸನ್-ಶಾಂಪ್ ಸಮೀಕರಣ. ಸ್ಥಿರಾಂಕಗಳನ್ನೆಲ್ಲ ಒಟ್ಟು ಮಾಡಿದರೆ ಬರುವ ಸಂಖ್ಯೆ ಸುಮಾರು 18,510. ಇದನ್ನು ಚಾರ್ಜಿನಿಂದ ಗುಣಿಸಿ. ಅಯಾನಿನ ಮತ್ತು ಅನಿಲದ ರೆಡ್ಯೂಸ್ಡ್ ಮಾಸ್ (ಎರಡರ ಮಾಸ್‌ಗಳ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದ್ದು) ಅನ್ನು ಕೆಲ್ವಿನ್ ಉಷ್ಣಾಂಶದಿಂದ ಗುಣಿಸಿ ವರ್ಗಮೂಲ ತೆಗೆದು, ಅದರಿಂದ ಭಾಗಿಸಿ. ಬಂದದ್ದನ್ನು ರೆಡ್ಯೂಸ್ಡ್ ಮೊಬಿಲಿಟಿಯಿಂದ ಭಾಗಿಸಿ. ಮಾಸ್ ಡಾಲ್ಟನ್‌ನಲ್ಲಿ, ಮೊಬಿಲಿಟಿ ವೋಲ್ಟ್-ಸೆಕೆಂಡಿಗೆ ಚದರ ಸೆಂಟಿಮೀಟರ್‌ನಲ್ಲಿ ಇದ್ದರೆ ಉತ್ತರ ಚದರ ಆಂಗ್‌ಸ್ಟ್ರಾಂನಲ್ಲಿ ಬರುತ್ತದೆ. ನೈಟ್ರೋಜನ್‌ನಲ್ಲಿ ಅಜಿಲೆಂಟ್ ಟ್ಯೂನ್ ಮಿಕ್ಸ್‌ನ (ಯಂತ್ರ ಸರಿಹೊಂದಿಸಲು ಮಾರುವ ಸಿದ್ಧ ದ್ರಾವಣ) 922ರ ಅಯಾನ್ ಅಳೆದು ನೋಡಿ. ಅದರ ರೆಡ್ಯೂಸ್ಡ್ ಮಾಸ್ 27.18, ಉಷ್ಣಾಂಶ 305 ಇದ್ದರೆ ಮೊಬಿಲಿಟಿ 0.834ರ ಆಸುಪಾಸು, ಸಿಸಿಎಸ್ 243.6 ಬರಬೇಕು. 622ಕ್ಕೆ 203.0, 1222ಕ್ಕೆ 282.2. ಶೇಕಡಾ ಒಂದಕ್ಕಿಂತ ಜಾಸ್ತಿ ಆಚೀಚೆ ಬಂದರೆ ಪಿಇಜಿ ಹಾಕಬೇಡಿ, ಮೊದಲು ಒತ್ತಡ, ಉಷ್ಣಾಂಶದ ಓದುವಿಕೆ ನೋಡಿ.

ಟ್ರಾವೆಲಿಂಗ್ ವೇವ್‌ನಲ್ಲಿ ಅಲೆಗಳು ಅಯಾನನ್ನು ತಳ್ಳುವುದರಿಂದ ನೇರ ಲೆಕ್ಕ ಸಾಧ್ಯವಿಲ್ಲ, ಕ್ಯಾಲಿಬ್ರೇಷನ್ ಬೇಕೇ ಬೇಕು. ಸಿಸಿಎಸ್ ಗೊತ್ತಿರುವ ಅಯಾನ್‌ಗಳನ್ನು ಅದೇ ಅಲೆಯ ವೇಗ, ಅದೇ ಎತ್ತರ, ಅದೇ ಅನಿಲದಲ್ಲಿ ಓಡಿಸಿ ಗೆರೆ ಎಳೆಯಬೇಕು. ನಿಮ್ಮ ಅಯಾನ್‌ಗಳ ಸಿಸಿಎಸ್ ಆ ಗೆರೆಯ ಎರಡು ತುದಿಗಳ ನಡುವೆ ಬೀಳಬೇಕು. ಸಾಧ್ಯವಾದರೆ ಕ್ಯಾಲಿಬ್ರೇಷನ್‌ಗೆ ಸಾಮಾನ್ಯವಾಗಿ ಬಳಸುವ ಪಾಲಿಅಲನೈನ್‌ಗಿಂತ, ಡ್ರಿಫ್ಟ್ ಟ್ಯೂಬ್‌ನಲ್ಲಿ ಮೊದಲೇ ಅಳೆದಿರುವ ಪಿಇಜಿಯನ್ನೇ ಬಳಸಿ. ಒಂದೇ ಜಾತಿಯ ಅಯಾನ್‌ಗಳಿದ್ದರೆ ತಪ್ಪು ಕಡಿಮೆ. ಟಿಮ್ಸ್‌ನಲ್ಲಿ ಅನಿಲದ ಹರಿವಿಗೆ ಎದುರಾಗಿ ಅಯಾನನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತಾರೆ, ದೊಡ್ಡ ಆಕಾರದವು ಮೊದಲು ಹೊರಬರುತ್ತವೆ. ಬೇರೆ ಯಂತ್ರದ ಅಭ್ಯಾಸ ಇದ್ದವರು ಇದನ್ನು ಉಲ್ಟಾ ಓದಿಬಿಡುತ್ತಾರೆ. ಅಯಾನನ್ನು ಉಂಗುರದ ಕೊಳವೆಯಲ್ಲಿ ಸುತ್ತಿಸುವ ಸೈಕ್ಲಿಕ್ ಯಂತ್ರದಲ್ಲಿ ಸುತ್ತು ಹೆಚ್ಚಿಸಿದಷ್ಟೂ ಬಿಡಿಸಿ ನೋಡುವ ಶಕ್ತಿ ಹೆಚ್ಚುತ್ತದೆ, ಆದರೆ ಪಾಲಿಮರ್‌ನಲ್ಲಿ ಬೇಗ ಓಡುವ ಸಣ್ಣ ಸರಪಳಿಗಳು ದೊಡ್ಡವನ್ನು ಹಿಂದಿನಿಂದ ಬಂದು ದಾಟಿಬಿಡುತ್ತವೆ. ಹಾಗಾಗಿ ಕ್ವಾಡ್ರುಪೋಲ್‌ನಲ್ಲಿ (ಮಾಸ್-ಚಾರ್ಜ್ ಅನುಪಾತ ನೋಡಿ ಸೋಸುವ ಭಾಗ) ಒಂದೇ ಅಯಾನ್ ಆರಿಸಿಕೊಂಡು ಆಮೇಲೆ ಸುತ್ತಿಸಿ.

ಸಾಲನ್ನು ಓದುವುದು

ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಇದು. ಪಿಇಜಿ 1000, 1500, 2000 ಮೂರನ್ನೂ ಬೆರೆಸಿ ಓಡಿಸಿದ್ದರೆ ಎರಡು ಚಾರ್ಜಿನ ಸಾಲು ಸುಮಾರು 15 ಕೊಂಡಿಯಿಂದ 60ರವರೆಗೆ, ಅಂದರೆ 362ರಿಂದ 1353ರ ನಡುವೆ ಸಿಗಬೇಕು. ಅಡ್ಡಕ್ಕೆ ಕೊಂಡಿಗಳ ಸಂಖ್ಯೆ, ಉದ್ದಕ್ಕೆ ಸಿಸಿಎಸ್. ಪ್ರತಿ ಚಾರ್ಜಿಗೂ ಬೇರೆ ಬಣ್ಣ.

ಒಂದು ಚಾರ್ಜಿನ ಸಾಲು ನಯವಾಗಿ ಬಾಗುತ್ತಾ ಏರುತ್ತದೆ. ಒಂದು ಸೋಡಿಯಂ, ಅದರ ಸುತ್ತ ಆರೇಳು ಆಕ್ಸಿಜನ್‌ಗಳು ಮುಖ ಮಾಡಿಕೊಂಡಿರುತ್ತವೆ, ಉಳಿದ ಸರಪಳಿ ಅದರ ಮೇಲೆ ಸುತ್ತಿಕೊಳ್ಳುತ್ತದೆ. ಉಂಡೆ ಬೆಳೆಯುತ್ತಾ ಹೋದರೆ ಅದರ ವಿಸ್ತೀರ್ಣ ತೂಕದ ಮೂರನೇ ಎರಡರ ಘಾತದಲ್ಲಿ ಬೆಳೆಯುತ್ತದೆ, ಅದೇ ಕಾಣುತ್ತದೆ.

ಎರಡು ಚಾರ್ಜಿನ ಸಾಲು ಹಾಗಲ್ಲ. ಸರಪಳಿ ಗಿಡ್ಡ ಇರುವಾಗ ಎರಡು ಸೋಡಿಯಂಗಳು ಒಂದನ್ನೊಂದು ದೂರ ತಳ್ಳುತ್ತವೆ, ಒಂದೊಂದೂ ತನ್ನ ಪಾಲಿನ ಆಕ್ಸಿಜನ್‌ಗಳನ್ನು ಸುತ್ತಿಕೊಂಡು ದಾರದ ಎರಡು ತುದಿಯ ಮಣಿಗಳ ಹಾಗೆ ನಿಲ್ಲುತ್ತದೆ. ನಡುವಿನ ಸರಪಳಿ ಚಾಚಿಕೊಂಡಿರುತ್ತದೆ. ಒಂದು ಕೊಂಡಿ ಸೇರಿದಾಗೆಲ್ಲ ಉದ್ದ ಹೆಚ್ಚುತ್ತದೆ, ಸಿಸಿಎಸ್ ಕಡಿದಾಗಿ ಏರುತ್ತದೆ. ಹೀಗೆ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ಏರುವುದೇ ನಿಲ್ಲುತ್ತದೆ. ಕೊಂಡಿ ಹೆಚ್ಚುತ್ತಿದೆ, ತೂಕ ಹೆಚ್ಚುತ್ತಿದೆ, ಸಿಸಿಎಸ್ ಮಾತ್ರ ಅಲ್ಲೇ ನಿಂತಿದೆ, ಕೆಲವೊಮ್ಮೆ ಇಳಿಯುತ್ತಲೂ ಇದೆ! ಆ ಹೊತ್ತಿಗೆ ಸರಪಳಿ ಸಾಕಷ್ಟು ಉದ್ದವಾಗಿದೆ, ಮಡಚಿಕೊಂಡರೆ ಸಿಗುವ ಆಕರ್ಷಣೆ ಎರಡು ಸೋಡಿಯಂಗಳ ಜಗಳಕ್ಕಿಂತ ಜಾಸ್ತಿಯಾಗಿದೆ, ಹಾಗಾಗಿ ಅದು ಮಡಚಿಕೊಳ್ಳಲು ಶುರು ಮಾಡಿದೆ. ಮಡಿಚುವುದು ಮುಗಿದ ಮೇಲೆ ಸಾಲು ಮತ್ತೆ ನಿಧಾನವಾಗಿ, ಉಂಡೆಯ ಲೆಕ್ಕದಲ್ಲಿ ಏರುತ್ತದೆ. ಮೂರು ಚಾರ್ಜಿನ ಸಾಲಿನಲ್ಲೂ ಇದೇ ಆಗುತ್ತದೆ, ಆದರೆ ಇನ್ನೂ ಉದ್ದದ ಸರಪಳಿಯಲ್ಲಿ.

ಈ ತಿರುವು ಮಸುಕಾಗಿ ಕಂಡರೆ ಸಿಸಿಎಸ್ ಅನ್ನು ತೂಕದ ಮೂರನೇ ಎರಡರ ಘಾತದಿಂದ ಭಾಗಿಸಿ ಮತ್ತೆ ಹಾಕಿ ನೋಡಿ. ಉಂಡೆಗಳೆಲ್ಲ ಒಂದು ಸಮತಟ್ಟು ಗೆರೆಗೆ ಬರುತ್ತವೆ, ಚಾಚಿಕೊಂಡವು ಅದರ ಮೇಲೆ ಎದ್ದು ನಿಲ್ಲುತ್ತವೆ.

ತಿರುವಿನ ಹತ್ತಿರದ ಅಯಾನ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಅಲ್ಲಿ ಬರುವ ಸಮಯದ ಪೀಕ್ ಅಗಲವಾಗಿರಬಹುದು, ಎರಡಾಗಿಯೂ ಒಡೆದಿರಬಹುದು. ಚಾಚಿಕೊಂಡದ್ದೂ ಮಡಚಿಕೊಂಡದ್ದೂ ಒಟ್ಟಿಗೇ ಇವೆ ಎಂದರ್ಥ. ಹಾಗೆಂದು ತೀರ್ಮಾನಿಸುವ ಮುಂಚೆ ಮೇಲೆ ಹೇಳಿದ ಜೋಡಿಯ ಪರೀಕ್ಷೆ, ಕೋನ್ ಪರೀಕ್ಷೆ ಎರಡನ್ನೂ ಮಾಡಿ. ಅವುಗಳಲ್ಲಿ ಪಾಸಾದರೆ ಆ ಎರಡು ಪೀಕ್ ನಿಮ್ಮ ಕೆಲಸದ ಅತ್ಯಂತ ಒಳ್ಳೆಯ ದತ್ತಾಂಶ. ಸರಾಸರಿ ತೆಗೆದು ಒಂದು ಸಂಖ್ಯೆ ಮಾಡಿ ಅದನ್ನು ಹಾಳು ಮಾಡಬೇಡಿ.

ಮುಂದಿನ ಪ್ರಯೋಗ ತಾನಾಗಿಯೇ ಹೊಳೆಯುತ್ತದೆ. ಸೋಡಿಯಂ ಬದಲು ಲಿಥಿಯಂ, ಪೊಟ್ಯಾಸಿಯಂ, ಸೀಸಿಯಂ ಲವಣ ಹಾಕಿ. ಅಯಾನಿನ ಗಾತ್ರ ಬದಲಾದರೆ ಎಷ್ಟು ಆಕ್ಸಿಜನ್ ಬೇಕು ಎನ್ನುವುದೂ ಬದಲಾಗುತ್ತದೆ, ತಿರುವಿನ ಜಾಗ ಸರಿಯುತ್ತದೆಯೇ ನೋಡಿ. ಕಂಪ್ಯೂಟರ್‌ನಲ್ಲಿ ಆಕಾರ ಕಟ್ಟಿ ಹೋಲಿಸಬೇಕಾದರೆ ಮಾಲಿಕ್ಯುಲರ್ ಡೈನಮಿಕ್ಸ್ ಓಡಿಸಿ, ಬಂದ ಆಕಾರಗಳ ಸಿಸಿಎಸ್ ಅನ್ನು ಮಾಬ್‌ಕ್ಯಾಲ್ ಅಥವಾ ಐಮಾಸ್‌ ಎಂಬ ಪ್ರೋಗ್ರಾಂನಲ್ಲಿ ಲೆಕ್ಕ ಹಾಕಿ. ಅಳೆದದ್ದು ನೈಟ್ರೋಜನ್‌ನಲ್ಲಾದರೆ ಲೆಕ್ಕವೂ ನೈಟ್ರೋಜನ್‌ನಲ್ಲೇ ಇರಲಿ. ಹೀಲಿಯಂನ ಸಂಖ್ಯೆ ಚಿಕ್ಕದಾಗಿರುತ್ತದೆ, ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕುವಂತಿಲ್ಲ.

ಪಿಎಲ್‌ಎ ಮತ್ತು ಬೇರೆಯವು

ಪಿಇಜಿ ಕೈಗೆ ಹತ್ತಿದ ಮೇಲೆ ಪಾಲಿಲ್ಯಾಕ್ಟಿಕ್ ಆಸಿಡ್‌ಗೆ ಹೋಗಿ. ಸಕ್ಕರೆಯನ್ನು ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ, ಅದರಿಂದ ಪಿಎಲ್‌ಎ. ಕಬ್ಬಿನ ಸೀಮೆ ಮಂಡ್ಯದಲ್ಲಿ ಕೂತು ಪಾಲಿಮರ್ ಮಾಡುವವರು ಇದನ್ನು ಕೈಗೆತ್ತಿಕೊಳ್ಳಲೇಬೇಕು ಅನ್ನುವುದು ನನ್ನ ಆಸೆ. ಇದರ ಕೊಂಡಿ 72.021. ನೀರಿನಲ್ಲಿ ಕರಗುವುದಿಲ್ಲ. ಸ್ವಲ್ಪ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಅಸಿಟೋನೈಟ್ರೈಲ್‌ನಲ್ಲಿ ತೆಳು ಮಾಡಿ, ಸೋಡಿಯಂ ಅಯೋಡೈಡ್ ಹಾಕಿ. ಎಸ್ಟರ್ ಆದ್ದರಿಂದ ಮೆಥನಾಲ್‌ನಲ್ಲಿ ದಿನಗಟ್ಟಲೆ ಇಡಬೇಡಿ, ಅಂದಂದಿನ ದ್ರಾವಣ ಅಂದೇ ಮಾಡಿ. ಸ್ಪೆಕ್ಟ್ರಂನಲ್ಲಿ ಮುಖ್ಯ ಸಾಲಿಗಿಂತ 18.011 ಕಡಿಮೆ ಇರುವ ಇನ್ನೊಂದು ಸಾಲು ಕಂಡರೆ ಅದು ತುದಿಯೇ ಇಲ್ಲದ ಉಂಗುರ ಇರಬಹುದು, ನೀರು ಕಳೆದುಕೊಂಡ ನೇರ ಸರಪಳಿಯೂ ಇರಬಹುದು. ಎರಡರ ತೂಕವೂ ಒಂದೇ. ಇಂಥ ಕಡೆ ಸಿಸಿಎಸ್ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸುಳಿವು ಸಿಗುತ್ತದೆ.

ಪಾಲಿಸ್ಟೈರೀನ್‌ಗೆ ಸೋಡಿಯಂ ಹಿಡಿಯಲು ಆಕ್ಸಿಜನ್ ಇಲ್ಲ. ಬೆಳ್ಳಿಯ ಲವಣ ಬೇಕು, ಮಾಲ್ಡಿಗೆ (ಲೇಸರ್ ಹೊಡೆದು ಅಯಾನ್ ಮಾಡುವ ವಿಧಾನ) ಹೋದರೆ ಲೇಸರ್ ಬೆಳಕು ಹೀರುವ ಡೈತ್ರನಾಲ್ ಜೊತೆ. ಬೆಳ್ಳಿಗೆ 107, 109 ಎರಡು ಐಸೋಟೋಪ್ ಹೆಚ್ಚುಕಡಿಮೆ ಸಮವಾಗಿರುವುದರಿಂದ ಪೀಕ್ ಜೋಡಿ ನೋಡಿದ ಕೂಡಲೇ ಗುರುತು ಸಿಗುತ್ತದೆ.

ಬರೆದಿಡುವುದು, ತೊಳೆಯುವುದು

ಪ್ರತಿ ಸಿಸಿಎಸ್ ಪಕ್ಕದಲ್ಲಿ ಯಾವ ಅನಿಲ, ಯಾವ ಬಗೆಯ ಯಂತ್ರ, ಯಾವುದರಿಂದ ಕ್ಯಾಲಿಬ್ರೇಟ್ ಮಾಡಿದ್ದು, ಉಷ್ಣಾಂಶ, ಒತ್ತಡ, ಕೋನ್ ವೋಲ್ಟೇಜ್ ಇಷ್ಟೂ ಬರೆಯಿರಿ. ಈ ಕ್ಷೇತ್ರದವರು 2019ರಲ್ಲಿ ಒಟ್ಟಾಗಿ ಕೊಟ್ಟ ಶಿಫಾರಸುಗಳಲ್ಲೂ ಇಂಥ ವಿವರಗಳನ್ನೇ ಕೇಳಿದ್ದಾರೆ. ಮೂರು ಬೇರೆ ದಿನ ಅಳೆದು ಹರವು ಕೊಟ್ಟರೆ ಇನ್ನೂ ಒಳ್ಳೆಯದು. ಸ್ಲಾಟ್ ಒಂದೇ ದಿನ ಇದ್ದರೆ ಕನಿಷ್ಠ ಹೊಸದಾಗಿ ಮಾಡಿದ ಮೂರು ದ್ರಾವಣಗಳನ್ನು ಓಡಿಸಿ.

ಕೆಲಸ ಮುಗಿದ ಮೇಲೆ ಸಿರಿಂಜ್ ಎತ್ತಿಕೊಂಡು ಹೊರಡಬೇಡಿ. ಪಿಇಜಿ ಕೊಳವೆಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ನಂತರ ಪೆಪ್ಟೈಡ್ ಓಡಿಸುವವರ ಸ್ಪೆಕ್ಟ್ರಂನಲ್ಲಿ 44ರ ಸಾಲು ದಿನಗಟ್ಟಲೆ ಮೂಡುತ್ತಿರುತ್ತದೆ, ಆಮೇಲೆ ಪಾಲಿಮರ್‌ನವರಿಗೆ ಯಾರೂ ಸ್ಲಾಟ್ ಕೊಡುವುದಿಲ್ಲ. ಸ್ವಂತ ಸಿರಿಂಜ್, ಸ್ವಂತ PEEK ಪ್ಲಾಸ್ಟಿಕ್ ಟ್ಯೂಬಿಂಗ್ ಒಯ್ಯಿರಿ, ಬೇರೆಯವರದ್ದನ್ನು ಮುಟ್ಟಬೇಡಿ. ಮೊದಲು ಅರ್ಧ ಮೆಥನಾಲ್ ಅರ್ಧ ನೀರು, ಆಮೇಲೆ ಐಸೋಪ್ರೊಪನಾಲ್, ಕೊನೆಗೆ ಮತ್ತೆ ಮೆಥನಾಲ್, ಒಂದೊಂದೂ ಕನಿಷ್ಠ ಹದಿನೈದು ನಿಮಿಷ ಹರಿಯಲಿ. ಕೊನೆಗೆ ಬರೀ ದ್ರಾವಕ ಓಡಿಸಿ 921.52 ಮತ್ತು 965.55ರಲ್ಲಿ ಏನಾದರೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಇನ್ನೊಂದು ಸುತ್ತು ತೊಳೆಯಿರಿ. ಆ ಖಾಲಿ ಸ್ಪೆಕ್ಟ್ರಂ ಅನ್ನು ಸೇವ್ ಮಾಡಿ ಲಾಗ್‌ಬುಕ್‌ನಲ್ಲಿ ಫೈಲಿನ ಹೆಸರು ಬರೆದು ಆಪರೇಟರ್‌ಗೆ ತೋರಿಸಿ ಹೊರಡಿ.